ಡೈಮಂಡ್ ವೀಲ್ ಕತ್ತರಿಸುವುದು ನಿಲ್ಲಿಸಿದೆ: ಹೊಸದು ತರಬೇಕಾ, ಇರುವುದನ್ನೇ ಸರಿ ಮಾಡಬಹುದಾ?

ಲೇತ್‌ಬೆಂಚ್:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಪಿನಲ್ಲಿ ಲೇತ್‌ಗೆ ಬ್ರೇಜ್ ಮಾಡಿದ (ಸ್ಟೀಲ್ ಹಿಡಿಗೆ ಕಾರ್ಬೈಡ್ ತುದಿ ಬೆಸೆದ) ಕಾರ್ಬೈಡ್ ಟೂಲ್‌ಗಳದೇ ಬಳಕೆ ಜಾಸ್ತಿ. ಅವುಗಳ ಸಾಣೆಗೆ 150 ಮಿ.ಮೀ. ಡೈಮಂಡ್ ಕಪ್ ವೀಲ್ ಇಟ್ಟಿದ್ದೇವೆ. ರೆಸಿನ್ ಬಾಂಡ್, ಅಂದರೆ ವಜ್ರದ ಹರಳುಗಳನ್ನು ರೆಸಿನ್‌ನಲ್ಲಿ ಕಟ್ಟಿದ್ದು. ಬೆನ್ನ ಮೇಲೆ ಡಿ126, ಆಮೇಲೆ 75 ಎಂದು ಬರೆದಿದೆ. ಗ್ರೈಂಡರ್ ನಿಮಿಷಕ್ಕೆ 2850 ಸುತ್ತಿನದು, ನೀರು ಹಾಕುವ ವ್ಯವಸ್ಥೆ ಇಲ್ಲ, ಎಲ್ಲವೂ ಒಣಗಾಗಿಯೇ.

ಹೊಸದರಲ್ಲಿ ಟೂಲ್ ತಾಗಿಸಿದರೆ ಸಾಕು, ತೆಗೆದುಕೊಂಡು ಹೋಗುತ್ತಿತ್ತು. ಈಗ ಒತ್ತಿ ಹಿಡಿಯಬೇಕು. ಒತ್ತಿದರೆ ಟೂಲ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಕೀರಲು ಸದ್ದು ಬೇರೆ. ಸಾಣೆ ಮುಗಿದ ಮೇಲೆ ನೋಡಿದರೆ ಟಿಪ್ ಅಂಚಿನಲ್ಲಿ ಸಣ್ಣ ಸಣ್ಣ ಚಿಪ್ಪು ಎದ್ದಿರುತ್ತದೆ. ವೀಲ್ ಮುಖ ಮುಟ್ಟಿದರೆ ನುಣುಪು, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ.

ಈ ವೀಲ್ ಮುಗಿದೇ ಹೋಯಿತಾ? ಹೊಸದು ತರುವುದಾದರೆ ಯಾವ ಗ್ರಿಟ್ (ಹರಳಿನ ಗಾತ್ರ), ಯಾವ ಬಾಂಡ್? ಎಲೆಕ್ಟ್ರೋಪ್ಲೇಟೆಡ್ ಕಡಿಮೆಗೆ ಸಿಗುತ್ತದೆ ಅಂತಾರೆ, ಅದು ಆಗುತ್ತದಾ? ಇನ್ನೊಂದು ವಿಷಯ, ಈ ಗ್ರೈಂಡರ್ ಎಲ್ಲರೂ ಬಳಸುವಂಥದ್ದು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಡ್ರಿಲ್ ಕೂಡ ಅದರ ಮೇಲೇ ಹಿಡಿಯುತ್ತಾರೆ. ಪರವಾಗಿಲ್ಲವಾ?

ಮೈಕ್ರಾನ್:

ವೀಲ್ ಮುಗಿದಿಲ್ಲ ಅನ್ನಿಸುತ್ತದೆ. ಮುಚ್ಚಿಕೊಂಡಿದೆ ಅಷ್ಟೇ. ಮೊದಲು ಅಂಚಿನ ಪಕ್ಕದಿಂದ ನೋಡಿ. ಡೈಮಂಡ್ ಪದರ ಒಂದು ಬಣ್ಣ, ಹಿಂದಿನ ಅಲ್ಯೂಮಿನಿಯಂ ಅಥವಾ ಬೇಕಲೈಟ್ ಬಾಡಿ ಇನ್ನೊಂದು ಬಣ್ಣ, ಗಡಿ ಚೆನ್ನಾಗಿ ಕಾಣುತ್ತದೆ. ಪದರ ಇನ್ನೂ ಒಂದು ಮಿ.ಮೀ.ಗಿಂತ ಜಾಸ್ತಿ ಇದ್ದರೆ ಆ ವೀಲ್‌ನಲ್ಲಿ ಬಹಳ ಕೆಲಸ ಬಾಕಿ ಇದೆ.

ಕತ್ತರಿಸದೇ ಇರುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಹೊರಗೆ ಚಾಚಿದ್ದ ವಜ್ರದ ಹರಳುಗಳ ಮೊನೆ ಸವೆದು ರೆಸಿನ್ ಮಟ್ಟಕ್ಕೇ ಬಂದುಬಿಟ್ಟಿದೆ. ಮುಖ ಗಾಜಿನಂತೆ ಹೊಳೆಯುತ್ತದೆ. ಇದನ್ನು ಗ್ಲೇಜ್ ಆಗುವುದು ಅಂತಾರೆ. ಇನ್ನೊಂದು, ಹರಳುಗಳ ನಡುವಿನ ಸಂದಿಯಲ್ಲಿ ತೇಯ್ದ ಪುಡಿ ಮೆತ್ತಿಕೊಂಡಿದೆ. ಅದು ಲೋಡ್ ಆಗುವುದು. ಭೂತಗನ್ನಡಿ ಹಿಡಿದರೆ ಬೂದು ಪಟ್ಟಿಗಳೋ ಲೋಹದ ಹೊಳಪಿನ ಚುಕ್ಕೆಗಳೋ ಕಾಣುತ್ತವೆ. ನಿಮ್ಮಲ್ಲಿ ಸ್ಟೀಲ್ ಕೂಡ ಹಿಡಿಯುತ್ತಾರೆ ಅಂದಿರಲ್ಲ, ಎರಡೂ ಇರಬಹುದು.

ಸುಲಭದ ಪರೀಕ್ಷೆ ಇದು. ಮೋಟಾರ್ ಆಫ್ ಮಾಡಿ, ವೀಲ್ ಪೂರ್ತಿ ನಿಂತ ಮೇಲೆ ಉಗುರನ್ನು ಮುಖದ ಮೇಲೆ ಮೆಲ್ಲಗೆ ಎಳೆಯಿರಿ. ತೆರೆದ ವೀಲ್ ಆದರೆ ಉಗುರು ಕೆರೆದುಹೋಗುತ್ತದೆ, ಹೊಸ ಉಪ್ಪುಕಾಗದ ಮುಟ್ಟಿದ ಹಾಗೆ. ಮುಚ್ಚಿದ ವೀಲ್ ಮೇಲೆ ಉಗುರು ಜಾರುತ್ತದೆ.

ಸಾಮಾನ್ಯ ವೀಲ್‌ನಲ್ಲಿ ಹರಳು ಮೊಂಡಾದರೆ ಒಡೆದು ಉದುರಿ ಹೊಸದು ತಾನೇ ಹೊರಬರುತ್ತದೆ. ಡೈಮಂಡ್ ಅಷ್ಟು ಸುಲಭಕ್ಕೆ ಉದುರುವುದಿಲ್ಲ. ಅದಕ್ಕೇ ನಾವೇ ರೆಸಿನ್ ಸ್ವಲ್ಪ ಕೆರೆದು ಹರಳನ್ನು ಹೊರಗೆ ತೆಗೆಯಬೇಕು. ಅದೇ ಡ್ರೆಸ್ಸಿಂಗ್.

ಲೇತ್‌ಬೆಂಚ್:

ಉಗುರು ಜಾರುತ್ತದೆ ಸರ್. ಪದರ ಎರಡು ಮಿ.ಮೀ. ಹತ್ತಿರ ಇದೆ. ಡ್ರೆಸ್ಸಿಂಗ್ ಯಾವುದರಿಂದ ಮಾಡಬೇಕು? ಶಾಪಿನಲ್ಲಿ ನಕ್ಷತ್ರ ಚಕ್ರದ ಡ್ರೆಸ್ಸರ್ ಇದೆ, ಒಂಟಿ ವಜ್ರದ ಡ್ರೆಸ್ಸರೂ ಇದೆ.

ಮೈಕ್ರಾನ್:

ಎರಡನ್ನೂ ಹತ್ತಿರ ತರಬೇಡಿ! ನಕ್ಷತ್ರ ಚಕ್ರ ಪದರವನ್ನು ಜಜ್ಜಿಬಿಡುತ್ತದೆ. ಒಂಟಿ ವಜ್ರದ ಡ್ರೆಸ್ಸರ್ ಇರುವುದು ಸಾಮಾನ್ಯ ವೀಲ್‌ಗೆ. ಇಲ್ಲಿ ವಜ್ರಕ್ಕೆ ವಜ್ರ ತಾಗಿ ಡ್ರೆಸ್ಸರ್ ಮೊನೆಯೂ ಹಾಳು, ವೀಲೂ ಹಾಳು.

ನಿಮಗೆ ಬೇಕಾದದ್ದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಡ್ರೆಸ್ಸಿಂಗ್ ಸ್ಟಿಕ್. 220 ಗ್ರಿಟ್ ಸುತ್ತಮುತ್ತ, ಮೆತ್ತಗಿನ ದರ್ಜೆಯದು. ವೀಲ್‌ನ ಗ್ರಿಟ್‌ಗಿಂತ ಸ್ಟಿಕ್ ಸ್ವಲ್ಪ ನುಣ್ಣಗಿರಬೇಕು. ಸ್ಟಿಕ್ ವಜ್ರವನ್ನು ತೇಯುವುದಿಲ್ಲ, ತೇಯಲು ಸಾಧ್ಯವೂ ಇಲ್ಲ. ಅದರ ಪುಡಿ ಹರಳುಗಳ ಸುತ್ತಲಿನ ರೆಸಿನ್ ಕೆರೆಯುತ್ತದೆ, ಅಷ್ಟೇ ಬೇಕಾದದ್ದು.

ಮಾಡುವ ಬಗೆ ಹೇಳುತ್ತೇನೆ. ಸ್ಟಿಕ್ ಅನ್ನು ನೀರಲ್ಲಿ ನೆನೆಸಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ. ವೀಲ್ ಓಡುತ್ತಿರುವಾಗ ಟೂಲ್ ರೆಸ್ಟ್ ಮೇಲೆ ಸ್ಟಿಕ್ ಗಟ್ಟಿಯಾಗಿ ಇಟ್ಟು, ನೇರವಾಗಿ ಮುಖಕ್ಕೆ ತಳ್ಳಿ. ಅಂಜಿಕೊಂಡು ಸವರಬೇಡಿ, ಸ್ಟಿಕ್ ಚೆನ್ನಾಗಿ ಕರಗಬೇಕು. ಶುರುವಿನಲ್ಲಿ ಸ್ಟಿಕ್ ಜಾರುತ್ತದೆ, ಸದ್ದು ತೆಳುವಾಗಿ ಕಿರ್ ಅನ್ನುತ್ತದೆ, ಸ್ಟಿಕ್ ಸವೆಯುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಸದ್ದು ದಪ್ಪವಾಗುತ್ತದೆ, ಗರಗರ ಅನ್ನುತ್ತದೆ, ಸ್ಟಿಕ್ ಇದ್ದಕ್ಕಿದ್ದ ಹಾಗೆ ಬೇಗ ಬೇಗ ಕರಗತೊಡಗುತ್ತದೆ. ವೀಲ್ ತೆರೆದುಕೊಂಡಿತು ಅನ್ನುವುದಕ್ಕೆ ಅದೇ ಗುರುತು. ಅಲ್ಲಿಗೇ ನಿಲ್ಲಿಸಿ. ಇನ್ನೂ ಒತ್ತುತ್ತಾ ಹೋದರೆ ಹಿಡಿತ ತಪ್ಪಿ ಒಳ್ಳೆಯ ಹರಳುಗಳೇ ಉದುರಿಹೋಗುತ್ತವೆ. ದುಡ್ಡು ಇರುವುದು ಆ ಹರಳಲ್ಲೇ ಅಲ್ವಾ.

ಕನ್ನಡಕ, ಮಾಸ್ಕ್ ಎರಡೂ ಇರಲಿ. ಡ್ರೆಸ್ಸಿಂಗ್ ಆದ ಮೇಲೆ ಮುಖ ಹೊಳಪು ಕಳೆದುಕೊಂಡು ಮಂಕಾಗಿ ಕಾಣಬೇಕು.

ಸಾಣೆಯವ:

ಎಚ್‌ಎಸ್‌ಎಸ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಈ ವೀಲ್ ಮೇಲೆ ಹಿಡಿಯಲೇಬಾರದು. ಮೊದಲು ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಎಷ್ಟು ಡ್ರೆಸ್ ಮಾಡಿದರೂ ಮತ್ತೆ ಇದೇ ಕಥೆ.

ವಜ್ರ ಅಂದರೆ ಇಂಗಾಲ. ಕಬ್ಬಿಣಕ್ಕೆ ಬಿಸಿಯಲ್ಲಿ ಇಂಗಾಲ ಹೀರಿಕೊಳ್ಳುವ ಗುಣ ಇದೆ. ಗ್ರೈಂಡಿಂಗ್ ಮಾಡುವಾಗ ಹರಳಿನ ಮೊನೆಯಲ್ಲಿ ಬಿಸಿ ಸುಮಾರು 700 ಡಿಗ್ರಿ ದಾಟಿತು ಎಂದರೆ ವಜ್ರದ ಇಂಗಾಲ ಸ್ಟೀಲಿನೊಳಕ್ಕೆ ಸೇರತೊಡಗುತ್ತದೆ. ಅಂದರೆ ಮೊನೆ ಸವೆಯುವುದಲ್ಲ, ಕರಗುವುದು. ಜೊತೆಗೆ ಸ್ಟೀಲ್ ಪುಡಿ ಉದ್ದುದ್ದ ಎಳೆಯಾಗಿ ಬರುತ್ತದೆ, ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಕಾರ್ಬೈಡ್ ಆದರೆ ಒಡೆದು ಪುಡಿಯಾಗಿ ಉದುರಿಹೋಗುತ್ತದೆ.

ಗಟ್ಟಿ ಸ್ಟೀಲ್‌ಗೆ ಇರುವುದು ಸಿಬಿಎನ್, ಅಂದರೆ ಕ್ಯೂಬಿಕ್ ಬೋರಾನ್ ನೈಟ್ರೈಡ್. ಅದನ್ನು 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ವೆಂಟಾರ್ಫ್ ಮೊದಲು ತಯಾರಿಸಿದರು. ಅಲ್ಲೇ 1954ರಲ್ಲಿ ಕೃತಕ ವಜ್ರ ಮಾಡಿದ್ದರು. ಸಿಬಿಎನ್ ಮಾರುಕಟ್ಟೆಗೆ ಬಂದದ್ದು 1969ರಲ್ಲಿ, ಬೊರಜಾನ್ ಹೆಸರಲ್ಲಿ. ಗಡಸುತನ ನೋಡಿದರೆ ನೂಪ್ ಮಾಪನದಲ್ಲಿ ವಜ್ರ 7000ದಿಂದ ಮೇಲೆ, ಸಿಬಿಎನ್ ಸುಮಾರು 4500, ಹಸಿರು ಸಿಲಿಕಾನ್ ಕಾರ್ಬೈಡ್ ಸುಮಾರು 2500, ಅಲ್ಯೂಮಿನಿಯಂ ಆಕ್ಸೈಡ್ 2100ರ ಆಸುಪಾಸು. ಸಿಬಿಎನ್ ವಜ್ರಕ್ಕಿಂತ ಮೆತ್ತಗೆ, ಆದರೆ ಕಬ್ಬಿಣದ ಜೊತೆ ಅದಕ್ಕೆ ಜಗಳ ಇಲ್ಲ, ಬಿಸಿಯನ್ನೂ ಜಾಸ್ತಿ ತಡೆಯುತ್ತದೆ. ಅದಕ್ಕೇ ಎಚ್‌ಎಸ್‌ಎಸ್ ಮೇಲೆ ಅದು ವಜ್ರಕ್ಕಿಂತ ಎಷ್ಟೋ ಜಾಸ್ತಿ ಬಾಳುತ್ತದೆ. ಸಿಬಿಎನ್ ಬೇಡ ಅಂದರೆ ಸಾಮಾನ್ಯ ಬಿಳಿ ವೀಲ್ ಎಚ್‌ಎಸ್‌ಎಸ್‌ಗೆ ಧಾರಾಳ ಸಾಕು.

ಆದರೆ ನಿಮ್ಮ ತೊಂದರೆ ಬರೀ ಡ್ರಿಲ್‌ಗಳದ್ದಲ್ಲ. ಬ್ರೇಜ್ ಮಾಡಿದ ಟೂಲ್‌ನಲ್ಲಿ ಟಿಪ್ ಕೆಳಗೆ ಸ್ಟೀಲ್ ಶ್ಯಾಂಕ್ ಇದೆಯಲ್ಲ. ಕ್ಲಿಯರೆನ್ಸ್ (ಅಂಚಿನ ಕೆಳಗಿನ ಇಳಿಜಾರು) ಹಿಡಿಯುವಾಗ ಡೈಮಂಡ್ ಅದನ್ನೂ ತೇಯುತ್ತದೆ. ಮೊದಲು ಸಾಮಾನ್ಯ ವೀಲ್ ಮೇಲೆ ಶ್ಯಾಂಕ್‌ನ ಸ್ಟೀಲ್ ಭಾಗವನ್ನು ಎರಡು ಮೂರು ಡಿಗ್ರಿ ಜಾಸ್ತಿ ಕೋನದಲ್ಲಿ ಹಿಂದಕ್ಕೆ ತೆಗೆಯಿರಿ. ಟಿಪ್‌ಗೆ 6 ಡಿಗ್ರಿ ಇದ್ದರೆ ಸ್ಟೀಲ್‌ಗೆ 8 ಅಥವಾ 9. ಆಮೇಲೆ ಡೈಮಂಡ್ ವೀಲ್‌ಗೆ ತಾಗುವುದು ಕಾರ್ಬೈಡ್ ಮಾತ್ರ. ಇಷ್ಟು ಮಾಡಿದರೇ ವೀಲ್ ಮುಚ್ಚಿಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತದೆ.

ಫೀಡ್‌ರೇಟ್:

ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಅಡುಗೆಮನೆ ಚಾಕುವಿನಿಂದ ಹಿಡಿದು ಉಳಿಯವರೆಗೆ ಜನ ಡೈಮಂಡ್ ಪ್ಲೇಟ್ ಮೇಲೇ ಹಿಡಿಯುತ್ತಾರೆ. ಅದೂ ಸ್ಟೀಲೇ. ಆ ಪ್ಲೇಟ್‌ಗಳು ವರ್ಷಗಟ್ಟಲೆ ಬರುತ್ತವೆ.

ಸಾಣೆಯವ:

ಬರುತ್ತವೆ, ನೀವು ಹೇಳಿದ್ದು ಸರಿ. ಅಲ್ಲಿ ಬಿಸಿ ಆಗುವುದೇ ಇಲ್ಲ. ಕೈಯಲ್ಲಿ ತಿಕ್ಕುವಾಗಲಾಗಲಿ, ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು ನಿಧಾನಕ್ಕೆ ತಿರುಗುವ ನೀರಿನ ಸಾಣೆಯಲ್ಲಾಗಲಿ ಆ ತಾಪಮಾನ ಬರುವುದಿಲ್ಲ, ಹಾಗಾಗಿ ಡೈಮಂಡ್ ಸ್ಟೀಲನ್ನೂ ಚೆನ್ನಾಗಿ ತೇಯುತ್ತದೆ. ತೊಂದರೆ ಇರುವುದು ವೇಗ, ಒತ್ತಡ, ಬಿಸಿ ಒಟ್ಟಾದಾಗ. 2850 ಸುತ್ತಿನ ಒಣ ಗ್ರೈಂಡರ್‌ನಲ್ಲಿ ಮೂರೂ ಒಟ್ಟಿಗೇ ಇವೆ.

ಫೀಡ್‌ರೇಟ್:

ಸರಿ, ಈಗ ಅರ್ಥವಾಯಿತು. ವೇಗದ ಮಾತು ಬಂತಲ್ಲ, ಒಂದು ಲೆಕ್ಕ ಹಾಕೋಣ. ಅಂಚಿನ ವೇಗ ಬೇಕಾದರೆ ವ್ಯಾಸವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು 3.14ರಿಂದ ಗುಣಿಸಿ, ಸುತ್ತಿನಿಂದ ಗುಣಿಸಿ, 60000ದಿಂದ ಭಾಗಿಸಿ. 150 ಮಿ.ಮೀ., 2850 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ರೆಸಿನ್ ಡೈಮಂಡ್ ಅನ್ನು ಒಣಗಾಗಿ ಓಡಿಸುವಾಗ ಸಾಮಾನ್ಯವಾಗಿ 15ರಿಂದ 20 ಮೀಟರ್ ಒಳಗೆ ಇಡುತ್ತಾರೆ. ನೀರು ಸುರಿಯುತ್ತಿದ್ದರೆ 20ರಿಂದ 30. ಅದೇ ಗ್ರೈಂಡರ್‌ಗೆ 125 ಮಿ.ಮೀ. ವೀಲ್ ಹಾಕಿದರೆ 18.6 ಮೀಟರ್‌ಗೆ ಇಳಿಯುತ್ತದೆ. ಮುಂದಿನ ಸಲ ತರುವಾಗ ಯೋಚಿಸಿ. ವೀಲ್ ಮೇಲೆ ಬರೆದ ಗರಿಷ್ಠ ವೇಗ ಸುರಕ್ಷತೆಯ ಮಿತಿ ಮಾತ್ರ. ಅದೇ ಚೆನ್ನಾಗಿ ಕತ್ತರಿಸುವ ವೇಗ ಅಂದುಕೊಳ್ಳಬೇಡಿ.

ಮೈಕ್ರಾನ್:

ಒಳ್ಳೆಯ ಲೆಕ್ಕ. ಅದಕ್ಕಿಂತ ಮೊದಲು ನೋಡಬೇಕಾದ್ದು ಇನ್ನೊಂದಿದೆ: ರನ್‌ಔಟ್, ಅಂದರೆ ತಿರುಗುವಾಗ ವೀಲ್ ಮುಖದ ಅಲುಗಾಟ. ನನ್ನ ಅಭಿಪ್ರಾಯದಲ್ಲಿ ಜನ ಹೊಸ ವೀಲ್‌ಗೆ ದುಡ್ಡು ಹಾಕುವ ಬದಲು ಒಂದು ಡಯಲ್ ಗೇಜ್ ಹಿಡಿದು ಸ್ವಲ್ಪ ಹೊತ್ತು ಕೂತರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಯೋಚಿಸಿ ನೋಡಿ. ಡಿ126 ಅಂದರೆ ಹರಳಿನ ಗಾತ್ರ ಸುಮಾರು 126 ಮೈಕ್ರಾನ್. ಅದರಲ್ಲಿ ರೆಸಿನ್‌ನಿಂದ ಹೊರಗೆ ಚಾಚಿರುವುದು ಸ್ವಲ್ಪವೇ. ವೀಲ್ ಮುಖ 0.1 ಮಿ.ಮೀ. ಅಲುಗಾಡಿದರೆ ಅದು 100 ಮೈಕ್ರಾನ್ ಆಯಿತು. ಅಂದರೆ ಹರಳು ಚಾಚಿದ್ದಕ್ಕಿಂತ ಅಲುಗಾಟವೇ ಜಾಸ್ತಿ. ಪ್ರತಿ ಸುತ್ತಿಗೂ ಎತ್ತರದ ಕಡೆ ಮಾತ್ರ ಟೂಲ್‌ಗೆ ಬಡಿಯುತ್ತದೆ, ಉಳಿದ ಭಾಗ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಆ ಒಂದು ಕಡೆ ಬೇಗ ಮೊಂಡಾಗುತ್ತದೆ. ಟಿಪ್ ಅಂಚಿಗೆ ಸುತ್ತಿಗೊಂದು ಪೆಟ್ಟು ಬೀಳುತ್ತದೆ, ಅಂದರೆ ನಿಮಿಷಕ್ಕೆ 2850 ಪೆಟ್ಟು. ಚಿಪ್ಪು ಏಳದೆ ಇನ್ನೇನು?

ಪ್ಲಗ್ ತೆಗೆಯಿರಿ. ಮೊದಲು ವೀಲ್ ಬಿಚ್ಚಿ ಸ್ಪಿಂಡಲ್‌ಗೆ ಡಯಲ್ ಹಿಡಿದು ಕೈಯಲ್ಲಿ ತಿರುಗಿಸಿ. ಸ್ಪಿಂಡಲ್ ಬೇರಿಂಗ್‌ನಲ್ಲೇ ಆಟ ಇದ್ದರೆ ಮುಂದಿನದೆಲ್ಲ ವ್ಯರ್ಥ. ಅದು ಸರಿ ಇದ್ದರೆ ಫ್ಲಾಂಜ್ (ವೀಲ್ ಒರಗಿ ಕೂರುವ ಬಿಲ್ಲೆ) ಮುಖ ನೋಡಿ. ಅಲ್ಲಿ ಒಂದು ಸಣ್ಣ ಪುಡಿ, ಒಂದು ಬರ್ (ಎದ್ದ ಲೋಹದ ಮುಳ್ಳು) ಇದ್ದರೂ ಹೊರ ಅಂಚಿಗೆ ಹೋಗುವಷ್ಟರಲ್ಲಿ ಅದು ಹಲವು ಪಟ್ಟು ದೊಡ್ಡದಾಗುತ್ತದೆ. ಬಟ್ಟೆಯಲ್ಲಿ ಒರೆಸಿ, ಎಣ್ಣೆಕಲ್ಲಿನಲ್ಲಿ ಬರ್ ತೆಗೆದು, ವೀಲ್ ಕೂರಿಸಿ, ನಟ್ ಅರ್ಧ ಬಿಗಿ ಮಾಡಿ. ಈಗ ಡಯಲ್ ತುದಿಯನ್ನು ವೀಲ್ ಬಾಡಿಯ ಮೇಲೆ ಇಡಿ. ಡೈಮಂಡ್ ಪದರದ ಮೇಲೆ ಇಟ್ಟರೆ ಡಯಲ್ ತುದಿ ಹಾಳಾಗುತ್ತದೆ. ಎತ್ತರ ಬಂದ ಕಡೆ ಗುರುತು ಮಾಡಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಮತ್ತೆ ತಿರುಗಿಸಿ ನೋಡಿ. 0.02 ಮಿ.ಮೀ. ಒಳಗೆ ಬಂದರೆ ಪೂರ್ತಿ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಬಿಗಿ ಮಾಡುವಾಗ ಸರಿದುಹೋಗುವುದು ಮಾಮೂಲು.

ಒಮ್ಮೆ ಸರಿ ಮಾಡಿದ ವೀಲ್ ಅನ್ನು ಫ್ಲಾಂಜ್‌ನಿಂದ ಬಿಚ್ಚಬೇಡಿ. ಎರಡು ವೀಲ್ ಬದಲಾಯಿಸಿ ಬಳಸುವುದಾದರೆ ಎರಡಕ್ಕೂ ಬೇರೆ ಬೇರೆ ಫ್ಲಾಂಜ್ ಮಾಡಿಸಿ, ಫ್ಲಾಂಜ್ ಸಮೇತ ತೆಗೆದು ಸಮೇತ ಹಾಕಿ. ಸ್ಪಿಂಡಲ್ ಮೇಲೂ ಫ್ಲಾಂಜ್ ಮೇಲೂ ಒಂದೊಂದು ಗುರುತು ಇರಲಿ, ಪ್ರತಿ ಸಲ ಅದೇ ಸ್ಥಾನಕ್ಕೆ ಕೂರುತ್ತದೆ. ಇದೊಂದು ಅಭ್ಯಾಸದಿಂದ ಉಳಿಯುವ ಡೈಮಂಡ್ ಕಡಿಮೆಯದಲ್ಲ.

ಮರದಪುಡಿ:

ನಾನು ಮರಗೆಲಸದವನು. ಗರಗಸದ ಬ್ಲೇಡ್, ರೂಟರ್ ಬಿಟ್ ಎಲ್ಲ ಕಾರ್ಬೈಡ್ ಹಲ್ಲಿನವು. ಇಲ್ಲಿ ಓದುತ್ತಿರುವವರಲ್ಲಿ ಮರದವರೂ ಇರಬಹುದು ಅಂತ ಎರಡು ಮಾತು.

ಹಲ್ಲಿನ ಮೇಲೆ ಮರದ ಅಂಟು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆಯದೆ ಸಾಣೆಗೆ ಹಿಡಿದರೆ ಅಂಟು ನೇರ ವೀಲ್ ಸಂದಿಗೆ ಹೋಗಿ ಕೂರುತ್ತದೆ. ಬ್ಲೇಡ್ ನೆನೆಹಾಕಿ, ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಆಮೇಲೆ ಹಿಡಿಯಿರಿ. ಎಷ್ಟೋ ಸಲ ಅಂಟು ತೆಗೆದ ಮೇಲೆ ಬ್ಲೇಡ್‌ಗೆ ಸಾಣೆಯೇ ಬೇಕಿರುವುದಿಲ್ಲ.

ರೂಟರ್ ಬಿಟ್‌ನಲ್ಲಿ ಒಳಗಿನ ಚಪ್ಪಟೆ ಮುಖ ಮಾತ್ರ ಹಿಡಿಯಿರಿ. ಹೊರಗಿನ ಸುತ್ತಳತೆ ಮುಟ್ಟಿದರೆ ಅಳತೆಯೂ ಹೋಯಿತು, ಪ್ರೊಫೈಲೂ ಹೋಯಿತು. ಕೈಯಲ್ಲಿ ಹಿಡಿಯುವ ಡೈಮಂಡ್ ಕಾರ್ಡ್ ಸಾಕು. ಎರಡು ಹಲ್ಲಿಗೂ ಸಮನಾಗಿ ಎಳೆಯಬೇಕು, ಒಂದಕ್ಕೆ ಜಾಸ್ತಿಯಾದರೆ ಕೆಲಸವೆಲ್ಲ ಒಂದೇ ಹಲ್ಲಿನ ಮೇಲೆ ಬೀಳುತ್ತದೆ.

ಎಲೆಕ್ಟ್ರೋಪ್ಲೇಟೆಡ್ ಬಗ್ಗೆ ಕೇಳಿದ್ದರಲ್ಲ. ಅದರಲ್ಲಿ ಇರುವುದು ಒಂದೇ ಒಂದು ಪದರ ಹರಳು, ನಿಕ್ಕಲ್‌ನಲ್ಲಿ ಕೂರಿಸಿರುತ್ತಾರೆ. ಹೊಸದರಲ್ಲಿ ಬಹಳ ಜೋರಾಗಿ ಕತ್ತರಿಸುತ್ತದೆ, ಹರಳು ತುಂಬಾ ಹೊರಗೆ ಚಾಚಿರುತ್ತದೆ. ಆದರೆ ಆ ಪದರ ಹೋದರೆ ಕೆಳಗೆ ಬರೀ ಲೋಹ. ಡ್ರೆಸ್ ಮಾಡಿ ತೆರೆಯುವ ಮಾತೇ ಇಲ್ಲ. ಪುಡಿ ಮೆತ್ತಿದ್ದರೆ ಸ್ಟಿಕ್‌ನಲ್ಲಿ ಹಗುರಾಗಿ ಶುಚಿ ಮಾಡಬಹುದು ಅಷ್ಟೇ. ವಿಚಿತ್ರ ಆಕಾರದ ವೀಲ್ ಬೇಕಾದಾಗ, ಅಪರೂಪಕ್ಕೊಮ್ಮೆ ಬಳಸುವಾಗ ಅದು ಸರಿ. ದಿನಾ ಲೇತ್ ಟೂಲ್ ಹಿಡಿಯುವವರಿಗೆ ರೆಸಿನ್ನೇ ಒಳ್ಳೆಯದು.

ಮೈಕ್ರಾನ್:

ಇದು ನಿಜ. ಹೊಸ ವೀಲ್ ಆರಿಸುವ ಪ್ರಶ್ನೆ ಬಾಕಿ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಗ್ರಿಟ್: ಡಿ ಪಕ್ಕದ ಅಂಕಿ ಮೈಕ್ರಾನ್, ಅಂಕಿ ದೊಡ್ಡದಾದಷ್ಟು ಒರಟು. ಮೆಶ್ ಅಂಕಿ (ಜರಡಿಯ ಕಣ್ಣುಗಳ ಲೆಕ್ಕ) ಇದಕ್ಕೆ ಉಲ್ಟಾ. ಡಿ126 ಅಂದರೆ 120/140 ಮೆಶ್, ಡಿ64 ಅಂದರೆ 230/270, ಡಿ46 ಅಂದರೆ 325/400. ಬರೀ ಅಂಕಿ ನೋಡಿ ಆರ್ಡರ್ ಮಾಡಿದರೆ ತಪ್ಪಾಗುತ್ತದೆ, ಮುಂದೆ ಡಿ ಇದೆಯಾ ನೋಡಿ. ಮುರಿದ ಟಿಪ್‌ಗೆ ಆಕಾರ ಕೊಡಲು ಡಿ126 ಸರಿ. ಕೊನೆಯ ಅಂಚಿಗೆ ಡಿ64 ಅಥವಾ ಡಿ46 ಬೇಕು. ಒಂದೇ ವೀಲ್ ತರಬಹುದು ಅಂದರೆ ಡಿ91 ತನ್ನಿ.

ಕಾನ್ಸಂಟ್ರೇಷನ್: ನಿಮ್ಮ ವೀಲ್ ಮೇಲಿನ 75 ಇದೇ. 100 ಅಂದರೆ ಒಂದು ಘನ ಸೆಂಟಿಮೀಟರ್ ಪದರದಲ್ಲಿ 4.4 ಕ್ಯಾರೆಟ್ ವಜ್ರ, ಅಂದರೆ ಪದರದ ಗಾತ್ರದಲ್ಲಿ ಕಾಲು ಭಾಗ. 75 ಅಂದರೆ 3.3 ಕ್ಯಾರೆಟ್. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವಂತಿಲ್ಲ. ಅಗಲವಾದ ಮುಖ ತಾಗುವ ಕಪ್ ವೀಲ್‌ಗೆ, ಅದೂ ಒಣ ಕೆಲಸಕ್ಕೆ, 75 ಅಥವಾ 50 ಇದ್ದರೆ ತಂಪಾಗಿ ಕತ್ತರಿಸುತ್ತದೆ. 100 ಬೇಕಾಗುವುದು ಮೂಲೆ, ಆಕಾರ ಉಳಿಸಿಕೊಳ್ಳಬೇಕಾದ ತೆಳು ಅಂಚಿನ ವೀಲ್‌ಗೆ.

ರಿಮ್ ಅಗಲವನ್ನು, ಅಂದರೆ ಡೈಮಂಡ್ ಪದರದ ಅಗಲವನ್ನು, ಜನ ಗಮನಿಸುವುದೇ ಇಲ್ಲ. ಕೈಯಲ್ಲಿ ಹಿಡಿಯುವವರು ಅಗಲ ರಿಮ್ ಒಳ್ಳೆಯದು ಅಂದುಕೊಳ್ಳುತ್ತಾರೆ. ಅಗಲ ಜಾಸ್ತಿಯಾದರೆ ತಾಗುವ ಜಾಗ ಜಾಸ್ತಿ, ಒತ್ತಡ ಹಂಚಿಹೋಗುತ್ತದೆ, ಬಿಸಿ ಜಾಸ್ತಿ, ಗ್ಲೇಜ್ ಬೇಗ. ಯಂತ್ರದಲ್ಲಿ ಹಿಡಿಯುವ ಕಟರ್‌ಗೆ 3ರಿಂದ 6 ಮಿ.ಮೀ. ರಿಮ್ ಸಾಕು. ಕೈ ಕೆಲಸಕ್ಕೆ 10 ಮಿ.ಮೀ. ಸುತ್ತಮುತ್ತ.

ಆಕಾರ: ಬೆಂಚ್ ಗ್ರೈಂಡರ್‌ಗೆ ನೇರ ಕಪ್ 6ಎ2. ಟೂಲ್ ಆಂಡ್ ಕಟರ್ ಗ್ರೈಂಡರ್‌ನಲ್ಲಿ ಅಗಲ ಬಾಯಿಯ ಕಪ್ 11ವಿ9, ಮಿಲ್ಲಿಂಗ್ ಕಟರ್ ಹಲ್ಲಿನ ಸಂದಿಗೆ ಹೋಗಲು ತಟ್ಟೆ ಆಕಾರದ 12ಎ2.

ಇನ್ನೊಂದು. ತರುವಾಗ ಒಣಗಾಗಿ ಓಡಿಸುತ್ತೇವೆ ಅಂತ ಹೇಳಿ ಕೇಳಿ. ರೆಸಿನ್ ವೀಲ್‌ನ ಹರಳುಗಳಿಗೆ ಲೋಹದ ಲೇಪ ಇರುತ್ತದೆ. ನೀರಿನ ಕೆಲಸಕ್ಕೆ ಸಾಮಾನ್ಯವಾಗಿ ನಿಕ್ಕಲ್, ಒಣ ಕೆಲಸಕ್ಕೆ ತಾಮ್ರ. ತಾಮ್ರ ಹರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ರೆಸಿನ್ ಸುಡುವುದು ತಪ್ಪುತ್ತದೆ.

ಲೇತ್‌ಬೆಂಚ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ಲಾಂಜ್ ಹಿಂದೆ ಒಣಗಿದ ಪುಡಿ ಪದರವೇ ಇತ್ತು. ಡಯಲ್ 0.14 ತೋರಿಸುತ್ತಿತ್ತು, ಶುಚಿ ಮಾಡಿ ತಟ್ಟಿ ಕೂರಿಸಿದ ಮೇಲೆ 0.02ಕ್ಕೆ ಬಂತು. ಸ್ಟಿಕ್ ಹಿಡಿದಾಗ ಸದ್ದು ಬದಲಾಗುವುದು ಸ್ಪಷ್ಟವಾಗಿ ಕೇಳಿಸಿತು. ಈಗ ಒತ್ತದೆಯೇ ಕತ್ತರಿಸುತ್ತಿದೆ. ಎಚ್‌ಎಸ್‌ಎಸ್‌ಗೆ ಗ್ರೈಂಡರ್‌ನ ಇನ್ನೊಂದು ತುದಿಯಲ್ಲಿ ಬಿಳಿ ವೀಲ್ ಹಾಕಿ, ಎರಡಕ್ಕೂ ಬೋರ್ಡ್ ಬರೆದಿದ್ದೇವೆ.

ಚಿಪ್ಪು ಏಳುವುದು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ. ಟೂಲ್ ಬಿಸಿಯಾದಾಗ ಪಕ್ಕದ ನೀರಿನ ಡಬ್ಬಿಯಲ್ಲಿ ಅದ್ದುತ್ತೇವೆ. ಅದರಿಂದೇನಾದರೂ?

ಸಾಣೆಯವ:

ಅದರಿಂದಲೇ! ಕಾರ್ಬೈಡ್ ಅನ್ನು ಬಿಸಿ ಇರುವಾಗ ನೀರಿಗೆ ಅದ್ದಲೇಬಾರದು. ಎಚ್‌ಎಸ್‌ಎಸ್‌ಗೆ ನಡೆದುಹೋಗುತ್ತದೆ, ಇದಕ್ಕೆ ನಡೆಯುವುದಿಲ್ಲ. ಕಾರ್ಬೈಡ್ ಒಮ್ಮೆಗೇ ತಣಿದರೆ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಲೇತ್‌ನಲ್ಲಿ ಲೋಡ್ ಬಿದ್ದಾಗ ಅಲ್ಲಿಂದಲೇ ತುಂಡು ಹಾರುತ್ತದೆ. ಅದೂ ಅಲ್ಲದೆ ಟಿಪ್ ಮತ್ತು ಶ್ಯಾಂಕ್ ಬಿಸಿಗೆ ಹಿಗ್ಗುವ ಪ್ರಮಾಣ ಬೇರೆ ಬೇರೆ, ಸ್ಟೀಲ್ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬ್ರೇಜ್ ಜಾಗದಲ್ಲಿ ಮೊದಲೇ ಎಳೆತ ಇರುತ್ತದೆ, ನೀವು ಇನ್ನಷ್ಟು ಸೇರಿಸುತ್ತೀರಿ. ಒಂದೋ ಶುರುವಿನಿಂದ ಕೊನೆಯವರೆಗೆ ನೀರು ಧಾರೆಯಾಗಿ ಬೀಳುತ್ತಿರಬೇಕು, ಇಲ್ಲವೋ ಪೂರ್ತಿ ಒಣ. ಆ ಡಬ್ಬಿಯನ್ನು ಬಿಳಿ ವೀಲ್ ಕಡೆಗೆ ಇಟ್ಟುಬಿಡಿ. ಟೂಲ್ ಬಿಸಿಯಾದರೆ ಕಬ್ಬಿಣದ ತುಂಡಿನ ಮೇಲೆ ಇಟ್ಟು ಇನ್ನೊಂದು ಟೂಲ್ ತೆಗೆದುಕೊಳ್ಳಿ.

ವೀಲ್ ತಿರುಗುವ ದಿಕ್ಕನ್ನೂ ನೋಡಿ. ವೀಲ್ ಅಂಚಿನ ಮೇಲೆ ಬಂದು ಟಿಪ್ ಅನ್ನು ಶ್ಯಾಂಕ್ ಕಡೆಗೆ ಒತ್ತುವಂತಿರಬೇಕು. ಹಿಂದಿನಿಂದ ಬಂದು ಅಂಚಿನ ಮೂಲಕ ಹೊರಗೆ ಹೋದರೆ ಅಂಚನ್ನು ಕಿತ್ತುಕೊಂಡೇ ಹೋಗುತ್ತದೆ. ಕೊನೆಯಲ್ಲಿ ನುಣ್ಣನೆಯ ಡೈಮಂಡ್ ಹ್ಯಾಂಡ್ ಹೋನ್‌ನಿಂದ ಅಂಚಿಗೆ ಒಂದೆರಡು ಸಲ ಹಗುರಾಗಿ ಸವರಿ. ಸ್ಟೀಲ್ ಕತ್ತರಿಸುವ ಕಾರ್ಬೈಡ್‌ಗೆ ತೀರಾ ಕೂರಾದ ಅಂಚು ನಿಲ್ಲುವುದಿಲ್ಲ.

ಫೀಡ್‌ರೇಟ್:

ಒಣಗಾಗಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ. ಇದನ್ನು ದಯವಿಟ್ಟು ಎಲ್ಲರೂ ಓದಿ. ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಕಾರ್ಬೈಡ್ ಕಣಗಳನ್ನು ಕೋಬಾಲ್ಟ್‌ನಲ್ಲಿ ಕಟ್ಟಿರುವುದು, ಕಟಿಂಗ್ ಟೂಲ್‌ಗಳಲ್ಲಿ ಕೋಬಾಲ್ಟ್ ಸಾಮಾನ್ಯವಾಗಿ 6ರಿಂದ 10 ಶೇಕಡಾ ಇರುತ್ತದೆ. ಆ ಪುಡಿ ಉಸಿರಿನಲ್ಲಿ ಹೋಗುತ್ತಿದ್ದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುತ್ತದೆ. ಹಾರ್ಡ್ ಮೆಟಲ್ ಕಾಯಿಲೆ ಅಂತಲೇ ಅದಕ್ಕೆ ಹೆಸರು. ಕೆಲವರಿಗೆ ಆಸ್ತಮಾ, ಕೆಲವರಿಗೆ ಚರ್ಮದ ಅಲರ್ಜಿ. ಕೋಬಾಲ್ಟ್ ಜೊತೆಗಿನ ಟಂಗ್‌ಸ್ಟನ್ ಕಾರ್ಬೈಡ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಎ ಗುಂಪಿನಲ್ಲಿ ಇಟ್ಟಿದೆ, ಅಂದರೆ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವಂಥದ್ದು.

ಬಾಯಿಗೆ ಕರವಸ್ತ್ರ ಕಟ್ಟುವುದರಿಂದ ಏನೂ ಆಗುವುದಿಲ್ಲ. ಪಿ100 ಅಥವಾ ಎಫ್‌ಎಫ್‌ಪಿ3 ಮಾಸ್ಕ್ ಹಾಕಿ. ವೀಲ್ ಪಕ್ಕದಲ್ಲೇ ಪುಡಿ ಎಳೆಯುವ ಪೈಪ್ ಇರಲಿ. ಏರ್ ಗನ್‌ನಿಂದ ಊದಿ ಶುಚಿ ಮಾಡುವುದನ್ನು ಇವತ್ತೇ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಆ ಬಟ್ಟೆಯಲ್ಲೇ ಮನೆಗೂ ಹೋಗಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ನೀರಿನ ವ್ಯವಸ್ಥೆ ಮಾಡಿದರೂ ಕೋಬಾಲ್ಟ್ ಬಿಡುವುದಿಲ್ಲ. ಕೂಲೆಂಟ್‌ನಲ್ಲಿ ಅದು ನಿಧಾನಕ್ಕೆ ಕರಗುತ್ತದೆ. ಕಾರ್ಬೈಡ್ ಗ್ರೈಂಡಿಂಗ್‌ಗೆ ಅಂತಲೇ ಕೋಬಾಲ್ಟ್ ಕರಗದ ಹಾಗೆ ತಡೆಯುವ ಕೂಲೆಂಟ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಮರದಪುಡಿ:

ಇದು ಎಲ್ಲ ಶಾಪಿನ ಗೋಡೆಯ ಮೇಲೂ ಇರಬೇಕಾದ ಮಾತು. ನನ್ನದೊಂದು ಪ್ರಶ್ನೆ. ನನ್ನ ಕಪ್ ವೀಲ್ ಮುಖದಲ್ಲಿ ನಡುವೆ ಗುಳಿ ಬಿದ್ದಿದೆ, ಹೊರ ಅಂಚು, ಒಳ ಅಂಚು ಎರಡೂ ಎತ್ತರ. ಬಿಳಿ ಸ್ಟಿಕ್ ಹಿಡಿದರೆ ಕತ್ತರಿಸುತ್ತದೆ, ಆದರೆ ಗುಳಿ ಹಾಗೇ ಇದೆ.

ಮೈಕ್ರಾನ್:

ಸ್ಟಿಕ್ ತೆರೆಯುತ್ತದೆ ಅಷ್ಟೇ, ಮಟ್ಟ ಮಾಡುವುದಿಲ್ಲ. ಅದು ಬೇರೆ ಕೆಲಸ, ಟ್ರೂಯಿಂಗ್. ಯಂತ್ರದ ಮೇಲೆ ಮಾಡುವುದಾದರೆ ಬ್ರೇಕ್ ಇರುವ ಟ್ರೂಯಿಂಗ್ ಸಾಧನ ಬರುತ್ತದೆ. ಅದರಲ್ಲಿ ಸಣ್ಣ ಹಸಿರು ಸಿಲಿಕಾನ್ ಕಾರ್ಬೈಡ್ ವೀಲ್ ಡೈಮಂಡ್ ವೀಲ್ ತಾಗಿ ತಾನೂ ತಿರುಗುತ್ತದೆ, ಬ್ರೇಕ್ ಅದನ್ನು ನಿಧಾನ ಮಾಡುತ್ತದೆ, ಆ ವೇಗದ ವ್ಯತ್ಯಾಸವೇ ಬಾಂಡ್ ತೇಯುತ್ತದೆ.

ಕಪ್ ವೀಲ್ ಆದ್ದರಿಂದ ನಿಮಗೆ ಸುಲಭದ ದಾರಿಯೂ ಇದೆ. ವೀಲ್ ಬಿಚ್ಚಿ. ದಪ್ಪ ಗಾಜಿನ ಮೇಲೋ ಮಟ್ಟವಾದ ಎರಕದ ಕಬ್ಬಿಣದ ಪ್ಲೇಟ್ ಮೇಲೋ ಸಿಲಿಕಾನ್ ಕಾರ್ಬೈಡ್ ಬಿಡಿಪುಡಿ ಹಾಕಿ, ನೀರು ಚಿಮುಕಿಸಿ, ವೀಲ್ ಮುಖ ಕೆಳಗೆ ಮಾಡಿ ಎಂಟರ ಆಕಾರದಲ್ಲಿ ತಿಕ್ಕಿ. ಪುಡಿ ನುಣ್ಣಗಾಗುತ್ತಿದ್ದಂತೆ ಹೊಸದು ಹಾಕುತ್ತಿರಿ. ಶುರು ಮಾಡುವ ಮೊದಲು ಮುಖಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದರೆ ಎಲ್ಲಿ ತಾಗಿಲ್ಲ ಅನ್ನುವುದು ಗೊತ್ತಾಗುತ್ತದೆ. ನಿಧಾನದ ಕೆಲಸ, ತಾಳ್ಮೆ ಬೇಕು. ಗುಳಿಯಲ್ಲಿದ್ದ ಗೆರೆಯೂ ಅಳಿಸಿದ ಮೇಲೆ ಚೆನ್ನಾಗಿ ತೊಳೆದು, ಫ್ಲಾಂಜ್‌ಗೆ ಹಾಕಿ, ಡಯಲ್ ನೋಡಿ, ಬಿಳಿ ಸ್ಟಿಕ್‌ನಲ್ಲಿ ತೆರೆಯಿರಿ.

ಗುಳಿ ಬೀಳುವುದು ಟೂಲ್ ಅನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಒತ್ತುವುದರಿಂದ. ರಿಮ್‌ನ ಪೂರ್ತಿ ಅಗಲಕ್ಕೂ ಟೂಲ್ ಆಚೆ ಈಚೆ ಹೋಗುತ್ತಿರಲಿ. ಎರಡೂ ಕಡೆ ಅಂಚಿನಿಂದ ಸ್ವಲ್ಪ ಹೊರಕ್ಕೂ ದಾಟಲಿ, ಆದರೆ ಪೂರ್ತಿ ಹೊರಗೆ ಬಂದು ಮತ್ತೆ ಒಳಗೆ ಬಡಿಯುವಷ್ಟು ಬೇಡ.

ಮರದಪುಡಿ:

ಹಸಿರು ಪುಡಿ ಯಾವ ಗ್ರಿಟ್ ತರಲಿ? ವೀಲ್ ಡಿ91.

ಮೈಕ್ರಾನ್:

ಗುಳಿ ಆಳ ಇದ್ದರೆ 120ರಲ್ಲಿ ಶುರು ಮಾಡಿ, ಮಟ್ಟಕ್ಕೆ ಬರುತ್ತಿದ್ದಂತೆ 220ಕ್ಕೆ ಬದಲಾಯಿಸಿ. ಎರಡರ ನಡುವೆ ಪ್ಲೇಟ್ ತೊಳೆಯಲು ಮರೆಯಬೇಡಿ.